ಭರಣಿಯ ದ್ರಾಕ್ಷಾರಸ ಮತ್ತು ಪೊಟ್ಟಣದಲ್ಲಿ ಉಳಿದ ಯೀಸ್ಟ್

ಅಕ್ಟೋಬರ್ ತಿಂಗಳು ಬಂತೆಂದರೆ ನಮ್ಮ ಕುಟುಂಬಗಳಲ್ಲಿ ಎರಡು ಕಾರ್ಯಗಳು ಒಟ್ಟಿಗೆ ಆರಂಭವಾಗುತ್ತವೆ. ಸಂಜೆ ದೀಪ ಹಚ್ಚಿ ಮನೆಮಂದಿಯೆಲ್ಲ ಜಪಸರ ಪ್ರಾರ್ಥನೆಗೆ ಕುಳಿತುಕೊಳ್ಳುತ್ತಾರೆ. ಹಗಲಿನಲ್ಲಿ ಅಟ್ಟದ ಮೇಲಿದ್ದ ಪಿಂಗಾಣಿ ಪಾತ್ರೆ ಕೆಳಗಿಳಿದು ಬಿಸಿಲಿಗೆ ಬರುತ್ತದೆ. ಕರಾವಳಿಯವರು ಭರಣಿ ಎನ್ನುವ, ಈ ಸೀಮೆಯವರು ಜಾಡಿ ಎನ್ನುವ ಆ ಪಾತ್ರೆಯಲ್ಲಿ ಕ್ರಿಸ್ಮಸ್ಸಿಗೆಂದು ಕಪ್ಪು ದ್ರಾಕ್ಷಿ, ಸಕ್ಕರೆ, ಒಂದು ಹಿಡಿ ಗೋಧಿ, ಒಂದು ಚಮಚ ಯೀಸ್ಟ್ ಬೀಳುತ್ತವೆ. ಮಂಗಳೂರಿನಲ್ಲಾಗಲಿ ಬೆಂಗಳೂರಿನಲ್ಲಾಗಲಿ ಇದು ಅಜ್ಜಿಯರ ಕಾಲದಿಂದ ನಡೆದುಬಂದ ರೂಢಿ. ಉದ್ಯೋಗನಿಮಿತ್ತ ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿಯ ಕಡೆಗೆ ಬಂದು ನೆಲೆಸಿದ ಬೆರಳೆಣಿಕೆಯ ಕುಟುಂಬಗಳೂ ಈ ರೂಢಿಯನ್ನು ತಮ್ಮ ಟ್ರಂಕಿನೊಂದಿಗೇ ತಂದಿವೆ.

ದ್ರಾಕ್ಷಿಯ ಬಗೆಗೆ, ಸಕ್ಕರೆಯ ಪ್ರಮಾಣದ ಬಗೆಗೆ ಗೃಹಿಣಿಯರಲ್ಲಿ ವಾದವಿವಾದಗಳೇ ನಡೆಯುತ್ತವೆ. ಆದರೆ ಒಂದು ಚಮಚ ತೆಗೆದಾದ ಮೇಲೆ ಪೊಟ್ಟಣದಲ್ಲಿ ಉಳಿದ ಯೀಸ್ಟ್ ಏನಾಗುತ್ತದೆ ಎಂಬ ಬಗೆಗೆ ಯಾರೂ ಹೆಚ್ಚು ಯೋಚಿಸಿದಂತಿಲ್ಲ. ಬಾಯಿ ಮಡಚಿ, ರಬ್ಬರ್ ಬ್ಯಾಂಡ್ ಬಿಗಿದು, ಧನಿಯಾಪುಡಿ, ಅರಿಶಿನಗಳ ಸಾಲಿನಲ್ಲಿಟ್ಟು ಮುಂದಿನ ವರ್ಷದವರೆಗೆ ಮರೆತುಬಿಡುವುದೇ ವಾಡಿಕೆ. ಈ ವಾಡಿಕೆಯಿಂದ ಒಂದು ಬಡಮನೆಗೆ ನಷ್ಟವಾದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅದರಲ್ಲಿ ತಪ್ಪು ನಮ್ಮದೇ ಆಗಿತ್ತು. ಆದಕಾರಣ ಈ ವಾರ ಇದೇ ವಿಷಯವನ್ನು ಎತ್ತಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದಿನ ಮಾತು. ನೀಲಗುಂದದ ಸಮೀಪದ ಹಳ್ಳಿಯೊಂದರಲ್ಲಿ ಮಗನೊಡನೆ ವಾಸವಾಗಿದ್ದ ವೃದ್ಧ ಮಾತೆಯೊಬ್ಬರು, ಮಗ ಊರಿನಿಂದ ಎರಡು ಕಿಲೋ ದ್ರಾಕ್ಷಿ ತಂದಿದ್ದಾನೆ, ಯೀಸ್ಟ್ ಮಾತ್ರ ಇಲ್ಲಿ ಎಲ್ಲಿಯೂ ದೊರೆಯುತ್ತಿಲ್ಲ ಎಂದು ಭಾನುವಾರದ ಬಲಿಪೂಜೆಯ ನಂತರ ಬಂದು ಹೇಳಿದರು. ನಮ್ಮ ಕುಸಿನಿಯಲ್ಲಿ ಬ್ರೆಡ್ ಮಾಡಲೆಂದು ಪಾಸ್ಕಹಬ್ಬದ ಮುನ್ನ ತೆರೆದಿದ್ದ ಅರ್ಧ ಕಿಲೋ ಪೊಟ್ಟಣವಿತ್ತು. ಒಲೆಯ ಮೇಲಣ ಹಲಗೆಯಲ್ಲಿ ಬಿಸ್ಕತ್ತಿನ ಡಬ್ಬಿಯೊಳಗೆ ಅದು ಇಡೀ ಬೇಸಿಗೆಯನ್ನು ಕಳೆದಿತ್ತು. ಹಿಂದಿನ ವಾರವಷ್ಟೇ ಅದರಿಂದ ಮಾಡಿದ ಬ್ರೆಡ್ ಉಬ್ಬಿತ್ತು. ಆದ್ದರಿಂದ ನಾವು ಧಾರಾಳವಾಗಿ ಎರಡು ಚಮಚ ಕಟ್ಟಿಕೊಟ್ಟೆವು.

ಮೂರು ವಾರಗಳ ಬಳಿಕ ಅವರು ಪುನಃ ಬಂದರು. ಮುಖದಲ್ಲಿ ದೂರಿರಲಿಲ್ಲ, ಸಂಕೋಚವಿತ್ತು. "ಫಾದರ್, ಬೇಜಾರು ಮಾಡ್ಕೋಬ್ಯಾಡ್ರಿ. ನೀವು ಕೊಟ್ಟ ಯೀಸ್ಟು ಕೆಲ್ಸ ಮಾಡ್ಲಿಲ್ರಿ. ನಾಕು ದಿನ ಒಂದು ಗುಳ್ಳಿನೂ ಏಳ್ಲಿಲ್ಲ. ಆಮ್ಯಾಲೆ ಮ್ಯಾಲೆಲ್ಲ ಬೂಸ್ಟು ಬಂತು, ಹುಳಿ ವಾಸ್ನೆ ಹೊಡೀತು, ಚೆಲ್ಲಿಬಿಟ್ವಿ" ಎಂದರು. ಎರಡು ಕಿಲೋ ದ್ರಾಕ್ಷಿ, ಎರಡು ಕಿಲೋ ಸಕ್ಕರೆ ಹಿತ್ತಲಿನ ಮಣ್ಣಿಗೆ ಹೋಗಿತ್ತು. ಕೂಲಿಯ ಹಣದಿಂದ ಬದುಕುವ ಮನೆಗೆ ಅದು ಅಲ್ಪವಲ್ಲ.

ನಮ್ಮನ್ನು ಕಾಡಿದ ಪ್ರಶ್ನೆ ಇದು: ಅದೇ ಪೊಟ್ಟಣದ ಯೀಸ್ಟ್ ನಮ್ಮ ಕುಸಿನಿಯಲ್ಲಿ ಬ್ರೆಡ್ಡನ್ನು ಉಬ್ಬಿಸಿತು, ಆಕೆಯ ಜಾಡಿಯಲ್ಲಿ ಏಕೆ ಸೋತಿತು? ಕುಸಿನಿಯವನನ್ನು ವಿಚಾರಿಸಿದಾಗ ಸತ್ಯ ಹೊರಬಿತ್ತು. ಮೊದಲು ಒಂದು ಗಂಟೆಯಲ್ಲಿ ಏಳುತ್ತಿದ್ದ ಹಿಟ್ಟು ಈಚೆಗೆ ಎರಡೂವರೆ ಗಂಟೆ ತೆಗೆದುಕೊಳ್ಳುತ್ತಿತ್ತಂತೆ. ಅವನು ಮೈದಾವನ್ನು ದೂರುತ್ತಿದ್ದ. ಯೀಸ್ಟ್‌ನ ಬಹುಭಾಗ ಸತ್ತುಹೋಗಿದೆ ಎಂಬ ಯೋಚನೆ ಅವನಿಗೂ ಬರಲಿಲ್ಲ, ನಮಗೂ ಬರಲಿಲ್ಲ.

ಯೀಸ್ಟ್ ಸಾಯುವುದೇ? ಇದು ಕೆಲವರಿಗೆ ವಿಚಿತ್ರವೆನಿಸಬಹುದು. ಕಂದುಬಣ್ಣದ ಆ ಕಾಳು ನೋಡಲು ರವೆಯಂತೆ ಜಡವಾಗಿದೆ. ಆದರೆ ಅದರ ಒಂದೊಂದು ಗ್ರಾಮಿನಲ್ಲಿ ಐನೂರು ಕೋಟಿಗೂ ಮಿಕ್ಕಿ ಜೀವಂತ ಕಣಗಳಿರುತ್ತವೆ. 1680ರಲ್ಲಿ ಹಾಲೆಂಡಿನ ಲೇವನ್‌ಹುಕ್ ತನ್ನ ಸೂಕ್ಷ್ಮದರ್ಶಕದ ಕೆಳಗೆ ಇವುಗಳ ಗುಂಡು ಆಕೃತಿಗಳನ್ನು ಕಂಡನಾದರೂ ಅವು ಜೀವಿಗಳೆಂದು ತಿಳಿಯಲಿಲ್ಲ. ರಸವು ಮದ್ಯವಾಗುವುದು ಬರಿಯ ರಾಸಾಯನಿಕ ಕೊಳೆಯುವಿಕೆಯಿಂದ ಎಂದು ಜರ್ಮನಿಯ ಲೀಬಿಗ್‌ನಂಥ ದೊಡ್ಡ ವಿಜ್ಞಾನಿಗಳೇ ವಾದಿಸುತ್ತಿದ್ದರು. 1857ರಿಂದ ಮೊದಲ್ಗೊಂಡು ಲೂಯಿ ಪಾಶ್ಚರ್ ನಡೆಸಿದ ಪ್ರಯೋಗಗಳು ಆ ವಾದವನ್ನು ಬದಿಗೆ ಸರಿಸಿದವು. ಸಕ್ಕರೆಯನ್ನು ಮದ್ಯಸಾರವನ್ನಾಗಿಯೂ ಇಂಗಾಲದ ಡೈಆಕ್ಸೈಡನ್ನಾಗಿಯೂ ಒಡೆಯುವುದು ಬದುಕಿರುವ ಯೀಸ್ಟ್; ಹುಳಿಯಾಗಿಸುವುದು ಬೇರೊಂದು ಸೂಕ್ಷ್ಮಜೀವಿ. ದ್ರಾಕ್ಷಾರಸದ ಕಾಯಿಲೆಗಳನ್ನು ಕುರಿತು ಆತ 1866ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದ. ನಮ್ಮ ಮಾತೆಯ ಜಾಡಿಯಲ್ಲಿ ನಡೆದದ್ದೂ ಇಂಥದೇ ಸ್ಪರ್ಧೆ. ಯೀಸ್ಟ್ ಬೇಗನೆ ಸ್ಥಳ ಹಿಡಿಯಲಿಲ್ಲವಾದ್ದರಿಂದ ಇತರರು ಹಿಡಿದರು.

ಒಣ ಯೀಸ್ಟ್ ತಯಾರಾಗುವ ಬಗೆಯನ್ನು ತಿಳಿದರೆ ಅದನ್ನು ಕಾಪಾಡುವ ಬಗೆ ತಾನಾಗಿಯೇ ತಿಳಿಯುತ್ತದೆ. ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಉಣಿಸಿ, ಗಾಳಿ ಊದಿ ಬೆಳೆಸಿದ ಯೀಸ್ಟನ್ನು ಸೋಸಿ ಹಿಂಡಿ, ಶಾವಿಗೆಯಂತೆ ಸಣ್ಣ ತೂತುಗಳಿಂದ ಒತ್ತಿ, ಹದವಾದ ಬಿಸಿಗಾಳಿಯಲ್ಲಿ ಒಣಗಿಸುತ್ತಾರೆ. ಕೊನೆಗೆ ಅದರಲ್ಲಿ ಉಳಿಯುವ ನೀರಿನಂಶ ನೂರಕ್ಕೆ ಸುಮಾರು ಐದರಷ್ಟು ಮಾತ್ರ. ಇಷ್ಟು ಒಣಗಿದರೂ ಕಣ ಸಾಯದಿರುವುದಕ್ಕೆ ಅದು ತನ್ನೊಳಗೆ ಕೂಡಿಟ್ಟುಕೊಳ್ಳುವ ಟ್ರೆಹಲೋಸ್ ಎಂಬ ಸಕ್ಕರೆ ಮುಖ್ಯ ಕಾರಣ. ನೀರು ಹೋದ ಜಾಗದಲ್ಲಿ ಅದು ನಿಂತು ಕಣದ ಪೊರೆಯನ್ನು ಕಾಯುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, ಶೀತಪೆಟ್ಟಿಗೆ ಇಲ್ಲದ ರಣರಂಗದಲ್ಲಿಯೂ ಸೈನಿಕರಿಗೆ ಬ್ರೆಡ್ ದೊರೆಯಲೆಂದು ಅಮೆರಿಕದ ಫ್ಲೈಶ್‌ಮನ್ ಕಂಪನಿ ಇಂಥ ಒಣ ಯೀಸ್ಟನ್ನು ರೂಪಿಸಿತು. ಇನ್ನೂ ಸಣ್ಣ ಕಾಳಿನ, ನೇರವಾಗಿ ಹಿಟ್ಟಿಗೆ ಬೆರೆಸಬಹುದಾದ ಇನ್‌ಸ್ಟಂಟ್ ಯೀಸ್ಟನ್ನು 1970ರ ದಶಕದಲ್ಲಿ ಫ್ರಾನ್ಸಿನ ಲೆಸಾಫ್ರ್ ಕಂಪನಿ ಮಾರುಕಟ್ಟೆಗೆ ತಂದಿತು.

ಸೆಮಿನರಿಯಲ್ಲಿ ತತ್ವಶಾಸ್ತ್ರ ಓದುತ್ತಿದ್ದ ದಿನಗಳಲ್ಲಿ ಅರಿಸ್ಟಾಟಲನ ಸುಪ್ತಶಕ್ತಿ ಮತ್ತು ಕ್ರಿಯಾರೂಪಗಳ ಭೇದವನ್ನು ಅರ್ಥಮಾಡಿಕೊಳ್ಳಲು ನಾವು ಬೀಜ ಮತ್ತು ಮರದ ಉದಾಹರಣೆಯನ್ನು ಉರುಹೊಡೆಯುತ್ತಿದ್ದೆವು. ಕುಸಿನಿಯ ಡಬ್ಬಿಯಲ್ಲಿದ್ದ ಈ ಕಾಳು ಆಗ ಯಾರ ನೆನಪಿಗೂ ಬರಲಿಲ್ಲ. ಉಸಿರಾಟದ ಕುರುಹಿಲ್ಲ, ಚಲನೆಯಿಲ್ಲ, ಆದರೂ ಬೆಚ್ಚನೆಯ ನೀರು ಸೋಕಿದೊಡನೆ ಹದಿನೈದು ನಿಮಿಷಗಳಲ್ಲಿ ಎದ್ದು ಕೆಲಸಕ್ಕೆ ನಿಲ್ಲುತ್ತದೆ. ಸತ್ತ ಕಾಳೂ ಜೀವಂತ ಕಾಳೂ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ ಎಂಬುದೇ ನಮ್ಮ ತೊಂದರೆ. ಹಾಲು ಕೆಟ್ಟರೆ ಒಡೆಯುತ್ತದೆ, ಅಕ್ಕಿ ಕೆಟ್ಟರೆ ಹುಳು ಬೀಳುತ್ತದೆ. ಯೀಸ್ಟ್ ಮಾತ್ರ ಸದ್ದಿಲ್ಲದೆ ಸಾಯುತ್ತದೆ.

ಅದನ್ನು ಕೊಲ್ಲುವವು ಮೂರು: ತೇವ, ಗಾಳಿ ಮತ್ತು ಶಾಖ. ಕಾರ್ಖಾನೆಯ ಪೊಟ್ಟಣದೊಳಗಿನ ಗಾಳಿಯನ್ನು ಹೀರಿ ತೆಗೆದಿರುತ್ತಾರೆ, ಇಲ್ಲವೆ ಸಾರಜನಕ ತುಂಬಿರುತ್ತಾರೆ. ಅರ್ಧ ಕಿಲೋ ಪೊಟ್ಟಣ ಇಟ್ಟಿಗೆಯಂತೆ ಗಟ್ಟಿಯಾಗಿರುವುದು ಆ ಕಾರಣಕ್ಕಾಗಿ. ಅಂಗಡಿಯಲ್ಲಿಯೇ ಅದು ಮೆತ್ತಗಾಗಿದ್ದರೆ ಗಾಳಿ ಒಳಹೊಕ್ಕಿದೆ ಎಂದು ತಿಳಿದು ಬೇರೆಯದನ್ನು ಕೇಳಬೇಕು. ಕತ್ತರಿ ಹಾಕಿದ ಕ್ಷಣದಿಂದ ಆಮ್ಲಜನಕ ಕಣದ ಪೊರೆಯ ಕೊಬ್ಬಿನಂಶವನ್ನು ಮೆಲ್ಲಮೆಲ್ಲನೆ ಕೆಡಿಸತೊಡಗುತ್ತದೆ. ಒಣಗಿದ ವಸ್ತುವಾದ್ದರಿಂದ ಗಾಳಿಯ ತೇವವನ್ನೂ ಅದು ಹೀರುತ್ತದೆ. ಅರೆಬರೆ ತೇವ ಸಿಕ್ಕಿದ ಕಣ ಅರ್ಧ ಎಚ್ಚರಗೊಳ್ಳುತ್ತದೆ, ತಿನ್ನಲು ಏನೂ ಇಲ್ಲದೆ ಸಾಯುತ್ತದೆ. ಶಾಖವು ಈ ಎರಡೂ ಕೆಲಸಗಳನ್ನು ತ್ವರೆಗೊಳಿಸುತ್ತದೆ. ಮೊಹರು ಒಡೆಯದ ಪೊಟ್ಟಣದಲ್ಲಿಯೇ, ಫ್ರಿಜ್ಜಿನ ತಂಪಿನಲ್ಲಿದ್ದರೆ ವರ್ಷಕ್ಕೆ ನೂರಕ್ಕೆ ಸುಮಾರು ನಾಲ್ಕರಷ್ಟು ಕಣಗಳು ಸಾಯುತ್ತವೆ, 24 ಡಿಗ್ರಿಯ ಕೋಣೆಯಲ್ಲಿದ್ದರೆ ಇಪ್ಪತ್ತರಷ್ಟು ಎಂಬ ಅಂದಾಜು ಮನೆಯಲ್ಲಿ ವೈನ್, ಬಿಯರ್ ಮಾಡುವವರ ಕೈಪಿಡಿಗಳಲ್ಲಿ ರೂಢಿಯಲ್ಲಿದೆ. ಇದು ಮುಚ್ಚಿದ ಪೊಟ್ಟಣದ ಲೆಕ್ಕ, ಅದೂ 24 ಡಿಗ್ರಿಯಲ್ಲಿ. ನಮ್ಮ ಸೀಮೆಯಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಪಾದರಸ 40ನ್ನು ಮುಟ್ಟುತ್ತದೆ. ನೀಲಗುಂದದ ಭೀಮೇಶ್ವರ ದೇವಾಲಯದ ಕಲ್ಲುಕಂಬಗಳ ನಡುವೆ ಮಧ್ಯಾಹ್ನ ಕುಳಿತವರಿಗೆ ಒಳಗಿನ ತಂಪಿಗೂ ಹೊರಗಿನ ಬಿಸಿಲಿಗೂ ಇರುವ ವ್ಯತ್ಯಾಸ ಗೊತ್ತು. ತಗಡಿನ ಮಾಡಿನ ಕೆಳಗಿನ ಅಡುಗೆಮನೆಯಲ್ಲಿ ಒಲೆಯ ಮೇಲಣ ಹಲಗೆಯ ಸ್ಥಿತಿಯನ್ನು ಹೇಳುವುದೇ ಬೇಡ.

ಕರಾವಳಿಯಿಂದ ಬಂದ ನಮಗೆ ಇಲ್ಲೊಂದು ಮೋಸ ಆಯಿತೆಂದು ಈಗ ಅನಿಸುತ್ತದೆ. ಮಂಗಳೂರಿನ ಮಳೆಗಾಲದಲ್ಲಿ ಉಪ್ಪು ಕರಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ಅಲ್ಲಿಯವರು ತೇವಕ್ಕೆ ಹೆದರಿ ಎಲ್ಲವನ್ನೂ ಒಲೆಯ ಮೇಲೆ ತೂಗುಹಾಕುತ್ತಾರೆ. ಬಾಲ್ಯದಲ್ಲಿ ಕಲಿತ ಆ ಬುದ್ಧಿಯನ್ನೇ ನಾವು ಇಲ್ಲಿಗೂ ತಂದೆವು. ಆದರೆ ಇಲ್ಲಿನ ಶತ್ರು ಬೇರೆ. ಕರಾವಳಿಯಲ್ಲಿ ಮೊದಲು ಮುಚ್ಚಳ ನೋಡಬೇಕು, ಬಯಲುಸೀಮೆಯಲ್ಲಿ ಮೊದಲು ಜಾಗ ನೋಡಬೇಕು.

ಬ್ರೆಡ್ಡಿನ ಪ್ರಶ್ನೆಗೆ ಮರಳೋಣ. ಅರ್ಧ ಕಿಲೋ ಹಿಟ್ಟಿಗೆ ಎರಡು ಚಹಾ ಚಮಚದಷ್ಟು, ಅಂದರೆ ಆರೇಳು ಗ್ರಾಮ್ ಯೀಸ್ಟ್ ಹಾಕುತ್ತೇವೆ. ಅದರಲ್ಲಿ ಮುಕ್ಕಾಲುಪಾಲು ಸತ್ತಿದ್ದರೂ ಉಳಿದ ಕಾಲುಪಾಲು ತಡವಾಗಿಯಾದರೂ ಹಿಟ್ಟನ್ನು ಎತ್ತುತ್ತದೆ. ಕಾಯ್ದರಾಯಿತು. ಬಳಿಕ ಓವನ್ನಿನ ಬೆಂಕಿ ಎಲ್ಲ ಸೂಕ್ಷ್ಮಜೀವಿಗಳ ಲೆಕ್ಕವನ್ನೂ ಒಮ್ಮೆಗೇ ಮುಗಿಸುತ್ತದೆ. ಜಾಡಿಯ ಸ್ಥಿತಿ ಹಾಗಲ್ಲ. ಐದು ಲೀಟರ್ ರಸಕ್ಕೆ ಒಳ್ಳೆಯ ಯೀಸ್ಟ್ ಒಂದೇ ಗ್ರಾಮ್ ಸಾಕು. ಎಂದರೆ ಚಹಾ ಚಮಚದ ಮೂರನೆಯ ಒಂದು ಪಾಲು. ಅದು ಬೀಳುವುದು ದಟ್ಟ ಸಕ್ಕರೆಯ ನೀರಿಗೆ. ಆ ಸಕ್ಕರೆ ದುರ್ಬಲ ಕಣದಿಂದ ನೀರನ್ನೇ ಹೀರಿಬಿಡುತ್ತದೆ. ಇಪ್ಪತ್ತು ದಿನ ಬೆಂಕಿಯ ಸೋಂಕಿಲ್ಲದೆ ಅದು ಅಲ್ಲಿ ಬಾಳಬೇಕು. ದ್ರಾಕ್ಷಿಯ ಸಿಪ್ಪೆಯ ಮೇಲೆಯೇ ಬೂಸ್ಟಿನ ಬೀಜಕಗಳಿವೆ, ವಿನಿಗರ್ ಮಾಡುವ ಬ್ಯಾಕ್ಟೀರಿಯಾಗಳಿವೆ. ಮೊದಲ ಒಂದೆರಡು ದಿನಗಳಲ್ಲಿ ಯೀಸ್ಟ್ ರಸವನ್ನು ಆಕ್ರಮಿಸಿ, ಮೇಲೆ ಇಂಗಾಲದ ಡೈಆಕ್ಸೈಡಿನ ಹೊದಿಕೆ ಹಾಸದಿದ್ದರೆ ಆಟ ಕೈತಪ್ಪುತ್ತದೆ. ಆದ್ದರಿಂದ "ಬ್ರೆಡ್ ಉಬ್ಬಿತು, ಯೀಸ್ಟ್ ಚೆನ್ನಾಗಿದೆ" ಎಂಬ ತರ್ಕ ಜಾಡಿಗೆ ಅನ್ವಯಿಸದು. ತರ್ಕಶಾಸ್ತ್ರ ಓದಿದ ನಾವೇ ಈ ತಪ್ಪು ತರ್ಕಕ್ಕೆ ಬಲಿಯಾದೆವು.

ತಯಾರಕರ ಸೂಚನೆಗಳಲ್ಲಿ ಕಾಣುವ ದೊಡ್ಡ ಅಂತರಕ್ಕೂ ಇದೇ ಕಾರಣವೆಂದು ನಮಗೆ ತೋರುತ್ತದೆ. ಬ್ರೆಡ್ ಯೀಸ್ಟ್ ಮಾರುವವರಲ್ಲಿ ಕೆಲವರು, ತೆರೆದ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ನಾಲ್ಕು ತಿಂಗಳು, ಫ್ರೀಜರಿನಲ್ಲಿಟ್ಟರೆ ಆರು ತಿಂಗಳು ಬಳಸಬಹುದೆನ್ನುತ್ತಾರೆ. ಬಿಯರ್ ಯೀಸ್ಟ್ ತಯಾರಿಸುವ ಕಂಪನಿಗಳಾದರೋ, ತೆರೆದ ಪೊಟ್ಟಣವನ್ನು 4 ಡಿಗ್ರಿ ತಂಪಿನಲ್ಲಿಟ್ಟು ಮೂರು ದಿನ ಇಲ್ಲವೆ ಏಳು ದಿನಗಳೊಳಗೆ ಮುಗಿಸಿರೆಂದು ಮುದ್ರಿಸುತ್ತವೆ. ಯಂತ್ರದಿಂದ ಗಾಳಿ ತೆಗೆದು ಮರುಮೊಹರು ಮಾಡಿದರೆ ಮಾತ್ರ ಪೊಟ್ಟಣದ ಮೇಲಿನ ತಾರೀಖಿನವರೆಗೆ ಇಡಬಹುದೆಂದು ಅವುಗಳಲ್ಲಿ ಕೆಲವು ಹೇಳುತ್ತವೆ. ಮನೆಯಲ್ಲಿ ತಯಾರಿಸುವ ಅನೇಕರು ಫ್ರೀಜರಿನಲ್ಲಿ ತಿಂಗಳುಗಟ್ಟಲೆ ಇಟ್ಟು ತೊಂದರೆಯಿಲ್ಲದೆ ಬಳಸುತ್ತಾರೆ ಎಂಬುದೂ ನಿಜವೇ. ಬ್ರೆಡ್ಡಿಗೆ ಮೊದಲಿನವರ ಮಾತು ಸಾಕು. ದ್ರಾಕ್ಷಿಗೆ ಹಣ ತೆತ್ತವರು ಎರಡನೆಯವರ ಮಾತಿಗೆ ಹತ್ತಿರವಿರುವುದು ಲೇಸೆಂದು ನಮ್ಮ ಅಭಿಪ್ರಾಯ. ಪೊಟ್ಟಣದ ಮೇಲೆ ಮುದ್ರಿಸಿದ ಅವಧಿ ಮುಚ್ಚಿದ ಪೊಟ್ಟಣಕ್ಕೆ ಸೇರಿದ್ದು. ತೆರೆದ ಮೇಲೆ ಅದಕ್ಕೆ ಬೆಲೆಯಿಲ್ಲ.

ಹಾಗಾದರೆ ಉಳಿದುದನ್ನು ಇಡುವುದು ಹೇಗೆ? ಪೊಟ್ಟಣ ತೆರೆದ ದಿನವೇ, ತೆರೆದ ಗಳಿಗೆಯಲ್ಲೇ ಹಂಚಿಡಬೇಕು. ಔಷಧಿಯ ಸಣ್ಣ ಗಾಜಿನ ಬಾಟಲಿಗಳನ್ನು ಕುದಿಸಿ, ಬಿಸಿಲಿನಲ್ಲಿ ಒಂದು ಹನಿ ತೇವವೂ ಉಳಿಯದಂತೆ ಒಣಗಿಸಿ, ಆರಿಸಿಕೊಂಡಿರಬೇಕು. ಒಮ್ಮೆಯ ಬಳಕೆಗೆ ಬೇಕಾದಷ್ಟನ್ನು ಒಂದೊಂದು ಬಾಟಲಿಗೆ ಕಂಠದವರೆಗೆ ತುಂಬಿ ಮುಚ್ಚಳ ಬಿಗಿಯಬೇಕು. ಬಾಟಲಿ ದೊಡ್ಡದಾಗಿ ಯೀಸ್ಟ್ ತಳದಲ್ಲಿ ಸ್ವಲ್ಪವೇ ಇದ್ದರೆ ಉಳಿದುದೆಲ್ಲ ಗಾಳಿಯೇ. ಅದರಿಂದ ಏನು ಪ್ರಯೋಜನ? ತೆಳುವಾದ ಪ್ಲಾಸ್ಟಿಕ್ ಚೀಲದ ಮೂಲಕ ಗಾಳಿಯೂ ತೇವವೂ ನಿಧಾನವಾಗಿ ನುಸುಳುತ್ತವೆ, ಗಾಜಿನ ಮೂಲಕ ನುಸುಳವು. ಚೀಲವನ್ನೇ ಬಳಸುವುದಾದರೆ ಗಾಳಿಯನ್ನೆಲ್ಲ ಒತ್ತಿ ತೆಗೆದು, ಆ ಚೀಲವನ್ನು ಇನ್ನೊಂದು ಡಬ್ಬಿಯೊಳಗಿಡಲಿ. ಔಷಧಿ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ಲಿನ ಪುಟ್ಟ ಪೊಟ್ಟಣವನ್ನು ಹೊರಡಬ್ಬಿಯಲ್ಲಿ ಹಾಕಿದರೆ ಇನ್ನೂ ಒಳ್ಳೆಯದು. ಒದ್ದೆ ಚಮಚವನ್ನು ಯೀಸ್ಟಿಗೆ ಅದ್ದುವುದು ಮಾತ್ರ ಎಂದಿಗೂ ಕೂಡದು. ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು ಹಾಕಿದ ಸೊಸೆಗೆ ಬೈಯುವ ಅತ್ತೆಯಂದಿರೂ ಯೀಸ್ಟಿನ ವಿಷಯದಲ್ಲಿ ಉದಾಸೀನರಾಗಿರುವುದನ್ನು ನಾವು ಕಂಡಿದ್ದೇವೆ.

ಬಾಟಲಿಯ ಮೇಲೆ ತೆರೆದ ತಾರೀಖನ್ನು ಬರೆದು ಅಂಟಿಸಬೇಕು. ಫ್ರೀಜರ್ ಇದ್ದವರು ಅಲ್ಲಿಡಬಹುದು. ಹೆಪ್ಪುಗಟ್ಟಿದರೆ ಯೀಸ್ಟ್ ಸಾಯದೇ ಎಂದು ಕೇಳುವವರುಂಟು. ಬೇಕರಿಯವರು ಬಳಸುವ ಹಸಿ ಯೀಸ್ಟಿನ ಗಡ್ಡೆಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ನೀರಿರುವುದರಿಂದ ಅದಕ್ಕೆ ಫ್ರೀಜರ್ ಆಗದು. ಮಂಜಿನ ಹರಳುಗಳು ಕಣಗಳನ್ನು ಸೀಳುತ್ತವೆ. ಒಣ ಯೀಸ್ಟಿನಲ್ಲಿ ಹರಳುಗಟ್ಟಲು ಬೇಕಾದ ನೀರೇ ಇಲ್ಲ. ಫ್ರಿಜ್ಜಿನಲ್ಲಿಡುವವರು ಬಾಗಿಲಿನ ಗೂಡನ್ನು ಬಿಟ್ಟು ಒಳಗಿನ ಮೂಲೆಯನ್ನು ಆರಿಸಲಿ. ಮಕ್ಕಳು ನೀರಿಗಾಗಿ ಬಾಗಿಲು ತೆಗೆದಾಗಲೆಲ್ಲ ಅಲ್ಲಿ ಬಿಸಿಗಾಳಿ ಬಡಿಯುತ್ತದೆ. ಹೊರತೆಗೆದ ಬಾಟಲಿಯ ಮುಚ್ಚಳವನ್ನು ತಕ್ಷಣ ತೆರೆಯಬಾರದು. ತಣ್ಣನೆಯ ಗಾಜಿನ ಮೇಲೆ ಹೊರಗಿನ ತೇವ ಹನಿಗಟ್ಟುತ್ತದೆ. ಮುಚ್ಚಳ ತೆಗೆದಿದ್ದರೆ ಅದೇ ಹನಿ ಯೀಸ್ಟಿನ ಮೇಲೆ ಬೀಳುತ್ತದೆ. ಅರ್ಧ ಗಂಟೆ ಹಾಗೆಯೇ ಬಿಟ್ಟು, ಬಾಟಲಿ ಕೋಣೆಯ ಬಿಸುಪಿಗೆ ಬಂದ ಮೇಲೆ ತೆರೆಯಬೇಕು. ಒಂದೇ ದೊಡ್ಡ ಡಬ್ಬಿಯನ್ನು ಪ್ರತಿಸಲ ಹೊರಗೆ ಒಳಗೆ ಮಾಡುವುದಕ್ಕಿಂತ ಸಣ್ಣ ಬಾಟಲಿಗಳು ಮೇಲೆಂದು ನಾವು ಹೇಳಿದ್ದು ಇದಕ್ಕಾಗಿಯೇ.

ಫ್ರಿಜ್ ಇಲ್ಲದ ಮನೆಗಳ ಮಾತೇನು? ಇದ್ದರೂ ಕರೆಂಟು ಕೈಕೊಡುವ ಹಳ್ಳಿಗಳಿವೆ. ಅಂಥವರು ಬಿಗಿಮುಚ್ಚಳದ ಬಾಟಲಿಯ ಬಾಯಿಗೆ ಮೇಣ ಕರಗಿಸಿ ಹಚ್ಚಿ, ಅದನ್ನು ಒಂದು ಡಬ್ಬಿಯೊಳಗಿರಿಸಿ, ನೀರಿನ ಹರವಿಯ ಪಕ್ಕದ ನೆಲದ ಮೂಲೆಯಲ್ಲಿ ಇಡಬಹುದು. ಕೆಲವು ದಿನಗಳಿಗೆ ಇದು ನಡೆಯುತ್ತದೆ, ವರ್ಷಕ್ಕಲ್ಲ. ನಿಜ ಹೇಳಬೇಕೆಂದರೆ ಅವರು ಉಳಿಸುವ ಗೋಜಿಗೇ ಹೋಗದೆ ಐದು ಹತ್ತು ಗ್ರಾಮಿನ ಚಿಕ್ಕ ಪೊಟ್ಟಣ ಕೊಳ್ಳುವುದೇ ಮೇಲು. ಅರ್ಧ ಕಿಲೋ ಅಗ್ಗವೆಂದು ತಂದು ಮುಕ್ಕಾಲುಪಾಲನ್ನು ಕೊಂದರೆ ಆ ಅಗ್ಗಕ್ಕೆ ಅರ್ಥವಿಲ್ಲ.

ಇಷ್ಟೆಲ್ಲ ಮಾಡಿಯೂ ಬಳಸುವ ಮುನ್ನ ಪರೀಕ್ಷಿಸಲೇಬೇಕು. ಬೆರಳಿಗೆ ಬೆಚ್ಚಗೆನಿಸುವ, ಸುಡದ ನೀರು, ಸುಮಾರು 35ರಿಂದ 40 ಡಿಗ್ರಿಯದು, ಯೀಸ್ಟಿನ ತೂಕದ ಹತ್ತುಪಟ್ಟು ಇರಲಿ. ಬೇಸಿಗೆಯಲ್ಲಿ ನಮ್ಮೂರಿನ ಮಾಳಿಗೆಯ ಟ್ಯಾಂಕಿನ ನೀರು ಮಧ್ಯಾಹ್ನ ಇದಕ್ಕಿಂತ ಬಿಸಿಯಾಗಿರುವುದುಂಟು, ಜೋಕೆ. ತಣ್ಣೀರಿಗೂ ಹಾಕಬಾರದು, ಒಣಗಿದ ಪೊರೆ ಸರಿಯಾಗಿ ಕೂಡಿಕೊಳ್ಳುವ ಮೊದಲೇ ಕಣದೊಳಗಿನ ಸಾರ ಹೊರಸೋರುತ್ತದೆ. ನೀರಿನ ಮೇಲೆ ಉದುರಿಸಿ ಹದಿನೈದು ನಿಮಿಷ ಬಿಟ್ಟು, ಕಲಕಿ, ಒಂದು ಚಿಟಿಕೆ ಸಕ್ಕರೆ ಹಾಕಿದರೆ ಇನ್ನು ಹತ್ತು ಹದಿನೈದು ನಿಮಿಷಗಳಲ್ಲಿ ನೊರೆ ಟೋಪಿಯಂತೆ ಏಳಬೇಕು, ಹೊಸ ಬ್ರೆಡ್ಡಿನ ಪರಿಮಳ ಬರಬೇಕು. ಅಲ್ಲೊಂದು ಇಲ್ಲೊಂದು ಗುಳ್ಳೆ ಕಂಡರೆ "ಬದುಕಿದೆ" ಎಂದು ಸಂತೋಷಪಡಬೇಡಿ. ಕೆಲವು ಬದುಕಿವೆ ಎಂದಷ್ಟೇ ಅದರ ಅರ್ಥ. ಅಂಥ ಯೀಸ್ಟನ್ನು ಬ್ರೆಡ್ಡಿಗೋ ಸನ್ನಾ ಹಿಟ್ಟಿಗೋ ಹಾಕಿ ಮುಗಿಸಬಹುದು. ಎರಡುಪಟ್ಟು ಹಾಕಿ ಜಾಡಿಯನ್ನು ನಡೆಸುತ್ತೇವೆಂಬವರು ಸತ್ತ ಯೀಸ್ಟಿನ ಕಮಟುವಾಸನೆಯನ್ನೂ ಎರಡುಪಟ್ಟು ಪಡೆಯುತ್ತಾರೆ. ಸಕ್ಕರೆಯನ್ನು ಒಮ್ಮೆಗೇ ಸುರಿಯದೆ ಎರಡು ಮೂರು ಕಂತುಗಳಲ್ಲಿ ಹಾಕಿದರೆ ಒಳ್ಳೆಯ ಯೀಸ್ಟಿಗೂ ಹೊರೆ ಕಡಿಮೆ. ಕಳೆದ ಜಾಡಿಯ ತಳದ ಗಸಿಯನ್ನು ಬಾಟಲಿಯಲ್ಲಿ ತುಂಬಿ ಮುಂದಿನ ವರ್ಷಕ್ಕೆ ಇಡುವ ಪ್ರಯತ್ನವನ್ನೂ ಕೆಲವರು ಮಾಡುತ್ತಾರೆ. ಹಸಿ ಗಸಿ ತಂಪಿನಲ್ಲಿಯೂ ಕೆಲವು ವಾರಗಳಿಗಿಂತ ಬಾಳದು. ಬಿಗಿದ ಬಾಟಲಿ ಒತ್ತಡದಿಂದ ಒಡೆದು ಗಾಜು ಸಿಡಿಯುವ ಭಯವೂ ಇದೆ.

ಒಂದು ಮಾತನ್ನು ಮುಚ್ಚಿಡುವಂತಿಲ್ಲ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಮೇರೆಗೆ ಪರವಾನಗಿಯಿಲ್ಲದೆ ಮಾದಕ ಪಾನೀಯ ತಯಾರಿಸುವುದಕ್ಕೆ ನಿಷೇಧವಿದೆ. ಹಬ್ಬದ ಜಾಡಿಯನ್ನು ಅಜ್ಜಿಯರು ಎಂದೂ ಮದ್ಯವೆಂದು ಎಣಿಸಲಿಲ್ಲವಾದರೂ ಹುದುಗಿದ ರಸದಲ್ಲಿ ಮದ್ಯಸಾರವಿದೆ ಎಂಬುದು ಅಲ್ಲಗಳೆಯಲಾಗದ ಸಂಗತಿ. 2019ರ ಕ್ರಿಸ್ಮಸ್ಸಿಗೆ ಮುನ್ನ ನೆರೆಯ ಕೇರಳದ ಅಬಕಾರಿ ಇಲಾಖೆ ಮನೆಯಲ್ಲಿ ವೈನ್ ತಯಾರಿಸುವ ಬಗೆಗೆ ಎಚ್ಚರಿಕೆ ಕೊಟ್ಟಾಗ ಅಲ್ಲಿನ ಕ್ರೈಸ್ತ ಮನೆಗಳಲ್ಲಿ ಎದ್ದ ಗದ್ದಲವನ್ನು ಕಾಸರಗೋಡಿನ ನಮ್ಮ ವಾಚಕರು ಮರೆತಿರಲಾರರು. ಆದ್ದರಿಂದ ತಯಾರಿಸಲಿಚ್ಛಿಸುವವರು ತಾಲ್ಲೂಕಿನ ಅಬಕಾರಿ ಕಚೇರಿಯಲ್ಲಿ ಮೊದಲು ವಿಚಾರಿಸಿಕೊಳ್ಳುವುದೇ ಕ್ಷೇಮ. ಮಾರಾಟದ ಯೋಚನೆಯಂತೂ ಬೇಡವೇ ಬೇಡ. ಭಟ್ಟಿ ಇಳಿಸುವುದು ಇನ್ನೂ ಬೇರೆಯೇ ದಾರಿ. 1981ರ ಜುಲೈ ತಿಂಗಳಲ್ಲಿ ಬೆಂಗಳೂರಿನಲ್ಲಿ ಮಿಥೈಲ್ ಆಲ್ಕೊಹಾಲ್ ಬೆರೆತ ಕಳ್ಳಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಮಡಿದರು. ಆ ವಿಷ ಯೀಸ್ಟಿನಿಂದ ಬಂದುದಲ್ಲ, ಲಾಭಕೋರರು ಬೆರೆಸಿದುದು. ಆದರೂ ಕುಡಿತದಿಂದ ಕೂಲಿಯ ಮನೆಗಳು ಮುರಿದುಬೀಳುವುದನ್ನು ದಿನನಿತ್ಯ ಕಾಣುವ ಗುರುವಾಗಿ ಈ ಲೇಖನ ಬರೆಯುವಾಗ ನಮ್ಮ ಕೈ ಒಂದೆರಡು ಸಲ ತಡೆಯಿತು. ಹಬ್ಬದ ಕೇಕಿನೊಡನೆ ಒಂದು ಗುಟುಕು ಎಂಬ ಮೇರೆಯನ್ನು ನಮ್ಮ ಹಿರಿಯರು ಕಾಯ್ದುಕೊಂಡಿದ್ದರು. ಇನ್ನೊಂದು, ಮನೆಯ ಜಾಡಿಯದನ್ನು ಬಲಿಪೀಠಕ್ಕೆ ಕೊಡುತ್ತೇವೆಂದು ಪ್ರೀತಿಯಿಂದ ತರುವವರಿದ್ದಾರೆ. ದ್ರಾಕ್ಷಿಯಿಂದಾದ, ಕೆಡದ, ಸಹಜ ದ್ರಾಕ್ಷಾರಸವೇ ಆಗಬೇಕೆಂದು ಧರ್ಮಸಭೆಯ ವಿಧಿಸಂಹಿತೆಯ 924ನೆಯ ವಿಧಿ ಹೇಳುತ್ತದೆ. ಸಕ್ಕರೆ ಗೋಧಿ ಸೇರಿಸಿದ್ದನ್ನು ನಾವು ಸ್ವೀಕರಿಸುವಂತಿಲ್ಲ.

ಹೆಪ್ಪಿನ ವಿಷಯದಲ್ಲಿ ನಮ್ಮ ಹಳ್ಳಿಗಳ ನಡವಳಿಕೆಯನ್ನು ನೋಡಿದರೆ ಯೀಸ್ಟಿಗೂ ಅದೇ ಸರಿಯಾದ ದಾರಿಯೆನಿಸುತ್ತದೆ. ಮನೆಯಲ್ಲಿ ಮಜ್ಜಿಗೆ ತೀರಿದರೆ ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುತ್ತೇವೆ. ಹೆಪ್ಪನ್ನು ಯಾರೂ ವರ್ಷಕ್ಕಾಗುವಷ್ಟು ಕೂಡಿಡುವುದಿಲ್ಲ. ಆ ಘಟನೆಯ ನಂತರ ನಮ್ಮಲ್ಲಿ ಪೊಟ್ಟಣ ತೆರೆಯುವ ದಿನವನ್ನು ಹಿಂದಿನ ಭಾನುವಾರವೇ ತಿಳಿಸುತ್ತೇವೆ. ಬ್ರೆಡ್, ಕೇಕ್, ಸನ್ನಾ ಮಾಡುವ ಮನೆಗಳವರು ಒಣಗಿದ ಬಾಟಲಿ ತರುತ್ತಾರೆ. ಹಂಚಿ ಉಳಿದ ಒಂದೆರಡು ಬಾಟಲಿಗಳು ಮಾತ್ರ ಫ್ರಿಜ್ಜಿಗೆ ಹೋಗುತ್ತವೆ. ಒಲೆಯ ಮೇಲಣ ಹಲಗೆಯಲ್ಲಿ ಈಗ ಬೆಂಕಿಪೊಟ್ಟಣಗಳಿವೆ.

ಆ ವೃದ್ಧ ಮಾತೆಯ ಎರಡು ಕಿಲೋ ದ್ರಾಕ್ಷಿಯ ಬೆಲೆಯನ್ನು ಕೊಡಹೋದಾಗ ಅವರು ತೆಗೆದುಕೊಳ್ಳಲಿಲ್ಲ. ಕಾನೂನಿನ ಮಾತನ್ನೂ ತಿಳಿಸಿದೆವು, ತಲೆಯಾಡಿಸಿದರು. ಕಳೆದ ಸಲ ಪೊಟ್ಟಣ ಹಂಚುವಾಗ ಅವರೂ ಸಾಲಿನಲ್ಲಿದ್ದರು. ನಾವು ಬಾಟಲಿಗೆ ಯೀಸ್ಟ್ ಸುರಿಯುವ ಮೊದಲೇ ಅವರು ಕೈ ಅಡ್ಡ ಹಿಡಿದು ಕೇಳಿದರು: "ಪೊಟ್ಣ ಒಡದದ್ದು ಯಾವತ್ರಿ, ಫಾದರ್?"